ನಿಮ್ರಾಡ್ ವರದಿ ಓದಿದ ಮೇಲೆ ಒಂದು ಪ್ರಶ್ನೆ: ಸೇನಾ ವಿಮಾನ ಬಿದ್ದಾಗ ತನಿಖೆ ಯಾರ ಕೈಯಲ್ಲಿರಬೇಕು?

ಬಾಲಂಗೋಚಿ

ಎರಡು ವಾರದಿಂದ ರಾತ್ರಿ ಊಟವಾದ ಮೇಲೆ ಬ್ರಿಟನ್ನಿನ ಒಂದು ಸರಕಾರಿ ವರದಿಯನ್ನು ಓದುತ್ತಿದ್ದೆ. 580ಕ್ಕೂ ಹೆಚ್ಚು ಪುಟ. ನಿನ್ನೆ ಮುಗಿಯಿತು, ನಿದ್ದೆ ಬರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

2006ರ ಸೆಪ್ಟೆಂಬರ್ 2ರಂದು ಬ್ರಿಟಿಷ್ ವಾಯುಪಡೆಯ ನಿಮ್ರಾಡ್ ಎಂಆರ್2 ಗಸ್ತು ವಿಮಾನ, ಕ್ರಮಸಂಖ್ಯೆ ಎಕ್ಸ್‌ವಿ230, ಅಫ್ಗಾನಿಸ್ತಾನದ ಕಂದಹಾರ್ ಸಮೀಪ ಹಾರುತ್ತಿತ್ತು. ಟ್ರೈಸ್ಟಾರ್ ಟ್ಯಾಂಕರ್‌ನಿಂದ ಆಕಾಶದಲ್ಲೇ ಇಂಧನ ತುಂಬಿಸಿಕೊಂಡು ಎರಡು ನಿಮಿಷವೂ ಆಗಿರಲಿಲ್ಲ, ಬಾಂಬ್ ಬೇಯಲ್ಲಿ (ವಿಮಾನದ ಹೊಟ್ಟೆಯಲ್ಲಿ ಬಾಂಬ್ ಇಡುವ ಜಾಗ) ಬೆಂಕಿಯ ಎಚ್ಚರಿಕೆ ಬಂತು. ಸಿಬ್ಬಂದಿ ಕಲಿತದ್ದನ್ನೆಲ್ಲ ಮಾಡಿದರು, ಕಂದಹಾರ್ ನೆಲೆಯತ್ತ ತಿರುಗಿದರು. ಆದರೆ ಬೆಂಕಿ ಹತ್ತಿದ್ದ ಜಾಗಕ್ಕೆ ಯಾರ ಕೈಯೂ ತಲುಪುವಂತಿರಲಿಲ್ಲ, ಅಲ್ಲಿ ನಂದಿಸುವ ಸಾಧನವೂ ಇರಲಿಲ್ಲ. ಸುಮಾರು ಆರು ನಿಮಿಷದಲ್ಲಿ ವಿಮಾನ ಗಾಳಿಯಲ್ಲೇ ಸಿಡಿಯಿತು. 14 ಮಂದಿಯೂ ಸತ್ತರು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ನಂತರ ಯುದ್ಧಭೂಮಿಯ ಒಂದೇ ಘಟನೆಯಲ್ಲಿ ಬ್ರಿಟಿಷ್ ಸೇನೆ ಅಷ್ಟು ಜನರನ್ನು ಕಳೆದುಕೊಂಡಿರಲಿಲ್ಲ.

ವಾಯುಪಡೆಯ ಆಂತರಿಕ ತನಿಖಾ ಮಂಡಳಿ 2007ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅವರು ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ಹಿರಿಯ ವಕೀಲರನ್ನು ನೇಮಿಸಿ, ಇಡೀ ವ್ಯವಸ್ಥೆಯನ್ನು ಹೊರಗಿನಿಂದ ನೋಡಿ ಹೇಳಿ ಎಂದರು. 2009ರ ಅಕ್ಟೋಬರ್ 28ರಂದು ಬಂದ ಆ ವರದಿಯ ಉಪಶೀರ್ಷಿಕೆಯೇ ಬೆವರಿಳಿಸುತ್ತದೆ: ನಾಯಕತ್ವ, ಸಂಸ್ಕೃತಿ ಮತ್ತು ಆದ್ಯತೆಗಳ ವೈಫಲ್ಯ.

ವರದಿ ಬೆಂಕಿಯಿಂದ ಹಿಂದಕ್ಕೆ ನಡೆಯುತ್ತದೆ. ಇಂಧನ ತುಂಬಿಸುವಾಗ ಟ್ಯಾಂಕ್ ಉಕ್ಕಿಯೋ ಕೊಳವೆಯ ಜೋಡಣೆ ಸೋರಿಯೋ ಇಂಧನ ಹೊರಬಂತು. ಅದು ಬಿಸಿ ಗಾಳಿಯ ಕೊಳವೆಗೆ ತಗುಲಿತು. ಕೊಳವೆ ಅಲ್ಲಿಗೆ ಬಂದದ್ದು ಹೇಗೆ? ಒಂದು ಭಾಗ 1969ರ ಮೂಲ ವಿನ್ಯಾಸದ್ದು, ಇನ್ನೊಂದು 1979ರ ಸೇರ್ಪಡೆ. ಆಕಾಶದಲ್ಲಿ ಇಂಧನ ತುಂಬಿಸುವ ವ್ಯವಸ್ಥೆಯನ್ನು ಫಾಕ್‌ಲ್ಯಾಂಡ್ಸ್ ಯುದ್ಧದ ಅವಸರದಲ್ಲಿ ಜೋಡಿಸಿ 1989ರಲ್ಲಿ ಕಾಯಂ ಮಾಡಿದರು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಎಂದರೆ 14 ಮಂದಿಯ ಸಾವಿನ ಕಥೆ ಅವರಲ್ಲಿ ಕೆಲವರು ಹುಟ್ಟುವ ಮೊದಲೇ ಶುರುವಾಗಿತ್ತು.

ನನ್ನ ಪ್ರಶ್ನೆ ಇಷ್ಟು. ನಮ್ಮಲ್ಲಿ ಸೇನಾ ವಿಮಾನ ಬಿದ್ದಾಗಲೆಲ್ಲ ‘ಕೋರ್ಟ್ ಆಫ್ ಎನ್‌ಕ್ವೈರಿಗೆ ಆದೇಶಿಸಲಾಗಿದೆ’ (ಪಡೆಯ ಒಳಗಿನದೇ ವಿಚಾರಣೆ) ಎಂಬ ಒಂದು ಸಾಲು ಬರುತ್ತದೆ. ಅದರ ಮುಂದಿನ ಸಾಲನ್ನು ನಿಮ್ಮಲ್ಲಿ ಯಾರಾದರೂ ಓದಿದ್ದೀರಾ?

ಹ್ಯಾಂಗರ್ ತಾತ

ಬಾಲಂಗೋಚಿಯವರೇ, ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ನಿವೃತ್ತಿಯಾಗಿ ಬಹಳ ವರ್ಷವಾಯಿತು. ನಿಮ್ರಾಡ್ ಮುಟ್ಟಿದವನಲ್ಲ, ಆದರೆ ಬಿಸಿ ಗಾಳಿಯ ಕೊಳವೆಯನ್ನು ಬಲ್ಲೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಜೆಟ್ ಎಂಜಿನ್ನಿನ ಒಳಗೆ ಒತ್ತಿದ ಗಾಳಿಯಲ್ಲಿ ಸ್ವಲ್ಪವನ್ನು ಹೊರಕ್ಕೆ ಎಳೆದುಕೊಂಡು ಬೇರೆ ಕೆಲಸಕ್ಕೆ ಬಳಸುತ್ತಾರೆ. ನಿಮ್ರಾಡ್ ಗಂಟೆಗಟ್ಟಲೆ ಸಮುದ್ರದ ಮೇಲೆ ಗಸ್ತು ತಿರುಗುವ ವಿಮಾನ. ಇಂಧನ ಉಳಿಸಲು ನಾಲ್ಕು ಎಂಜಿನ್‌ಗಳಲ್ಲಿ ಒಂದೆರಡನ್ನು ಆರಿಸಿಬಿಡುತ್ತಿದ್ದರು. ಮತ್ತೆ ಹೊತ್ತಿಸಲು ಉರಿಯುತ್ತಿರುವ ಎಂಜಿನ್ನಿನ ಬಿಸಿ ಗಾಳಿ ಬೇಕು. ಅದು ಅಡ್ಡಲಾಗಿ ಹೋಗುವ ಕೊಳವೆಯೇ ಈ ಖಳನಾಯಕ. ನೂರಾರು ಡಿಗ್ರಿ ಬಿಸಿ. ಮೇಲೆ ಹೊದಿಕೆ ಇರುತ್ತದೆ, ಆದರೆ ಹೊದಿಕೆಗೆ ಸಂದು ಇರುತ್ತದೆ. ಹೊದಿಕೆ ಇಂಧನವನ್ನು ಹೀರಿಕೊಂಡಿತೋ, ಒಲೆಯ ಮೇಲೆ ಎಣ್ಣೆ ಬಟ್ಟೆ ಇಟ್ಟ ಹಾಗೆ.

ಸೋರಿಕೆಯ ಬಗ್ಗೆ ಒಂದು ಮಾತು. ಹಳೆಯ ವಿಮಾನ ಸೋರುತ್ತದೆ. ನಿಮಿಷಕ್ಕೆ ಇಷ್ಟು ಹನಿ ಬಿದ್ದರೆ ಪರವಾಗಿಲ್ಲ, ಇಷ್ಟಾದರೆ ನಿಲ್ಲಿಸಿ ಎಂದು ಪುಸ್ತಕದಲ್ಲಿ ಲೆಕ್ಕವಿರುತ್ತದೆ. ನಾವು ಕೈಗಡಿಯಾರ ಹಿಡಿದು ರೆಕ್ಕೆಯ ಕೆಳಗೆ ಕೂತು ಹನಿ ಎಣಿಸಿದವರು. ಒಂದು ನೆಲೆಯಲ್ಲಿ (ಹೆಸರು ಬೇಡ) ನಾನು ಎಣಿಸಿದ್ದು ಮಿತಿಗಿಂತ ಎರಡು ಹನಿ ಹೆಚ್ಚು. ವಿಮಾನದ ದಾಖಲೆ ಪುಸ್ತಕವಾದ ಫಾರ್ಮ್ 700ರಲ್ಲಿ ಸ್ನ್ಯಾಗ್ (ದೋಷ) ಎಂದು ಬರೆದೆ. ಮೇಲಿನವರು ಬಂದು ‘ಇನ್ನೊಮ್ಮೆ ಎಣಿಸು’ ಎಂದರು. ಎಣಿಸಿದೆ. ‘ಇನ್ನೊಮ್ಮೆ.’ ಮೂರನೆಯ ಸಲ ಹನಿ ಕಡಿಮೆಯಾಗಿತ್ತೋ, ನನ್ನ ಕಣ್ಣು ಸೋತಿತ್ತೋ, ಲೆಕ್ಕ ಮಿತಿಯೊಳಗೆ ಬಂತು. ವಿಮಾನ ಹೋಯಿತು, ಕ್ಷೇಮವಾಗಿ ಬಂತು. ಅಂದಿನಿಂದ ಆ ವಿಮಾನದ ಸೋರಿಕೆಯನ್ನು ಯಾರೂ ಸೋರಿಕೆ ಎಂದು ಕರೆಯಲಿಲ್ಲ.

ಮುಂಗೋಪಿ

ತಾತನ ಅನುಭವಕ್ಕೆ ನಮಸ್ಕಾರ. ಆದರೆ ಬಾಲಂಗೋಚಿಯವರ ಪ್ರಶ್ನೆಯ ಧಾಟಿ ನನಗೆ ಹಿಡಿಸಲಿಲ್ಲ. ಯುದ್ಧವಿಮಾನ ಬಿಎಂಟಿಸಿ ಬಸ್ ಅಲ್ಲ. ಯಾವ ವಿಮಾನದ ಯಾವ ಭಾಗ ದುರ್ಬಲ, ಎಷ್ಟು ವಿಮಾನ ನೆಲ ಹಿಡಿದಿವೆ ಎಂಬುದನ್ನೆಲ್ಲ ಪುಟಗಟ್ಟಲೆ ಅಚ್ಚು ಹಾಕಿದರೆ ಅದನ್ನು ಓದುವವರು ನಾವು ಮಾತ್ರವೇ? ಬ್ರಿಟನ್ನಿಗೆ ಸಮುದ್ರವೇ ಗಡಿ. ನಮಗೆ ಎರಡು ಕಡೆ ಬೇರೆಯವರಿದ್ದಾರೆ.

ಇನ್ನೊಂದು ಮಾತು. ನಮ್ಮ ವಾಯುಪಡೆ ಏನನ್ನೂ ಒಪ್ಪಿಕೊಳ್ಳುವುದಿಲ್ಲ ಎನ್ನುವುದು ಸುಳ್ಳು. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡಗಾಂನಲ್ಲಿ ಎಂಐ-17 ಹೆಲಿಕಾಪ್ಟರ್ ಬಿದ್ದದ್ದು ನಮ್ಮದೇ ಕ್ಷಿಪಣಿಯಿಂದ ಎಂದು ವಾಯುಪಡೆಯ ಮುಖ್ಯಸ್ಥರೇ ಆ ವರ್ಷದ ಅಕ್ಟೋಬರ್‌ನಲ್ಲಿ ಪತ್ರಕರ್ತರ ಮುಂದೆ ಹೇಳಿದರು, ದೊಡ್ಡ ತಪ್ಪು ಎಂದೂ ಹೇಳಿದರು. ಅದನ್ನು ಹೇಳಿಸಲು ಯಾವ ಹೊರಗಿನ ವಕೀಲರೂ ಬೇಕಾಗಲಿಲ್ಲ.

ಬಾಲಂಗೋಚಿ

ಮುಂಗೋಪಿಯವರೇ, ಬಡಗಾಂ ಉದಾಹರಣೆ ಸರಿಯಾದದ್ದು, ಒಪ್ಪುತ್ತೇನೆ. ಆದರೆ ನಿಮ್ರಾಡ್ ವರದಿ ಹೊರಬಂದಾಗ ಬ್ರಿಟಿಷ್ ಸೈನ್ಯ ಅಫ್ಗಾನಿಸ್ತಾನದಲ್ಲಿ ಯುದ್ಧ ಮಾಡುತ್ತಲೇ ಇತ್ತು. ಉಳಿದ ನಿಮ್ರಾಡ್‌ಗಳು ಇನ್ನೂ ಸೇವೆಯಲ್ಲಿದ್ದವು. ಕೊಳವೆಯ ಚಿತ್ರವನ್ನೂ ಹಾಕಿದ್ದಾರೆ. ಶತ್ರುವಿಗೆ ಅದರಿಂದ ಏನು ಸಿಕ್ಕಿತು ಎಂಬುದನ್ನು ನೀವೇ ಹೇಳಬೇಕು.

ವಿಮಾನಪುರದವಳು

ಇಲ್ಲಿ ಓದುತ್ತಾ ಕೂತಿದ್ದೆ, ಬರೆಯಬಾರದು ಎಂದುಕೊಂಡಿದ್ದೆ.

2019ರ ಫೆಬ್ರುವರಿ 1, ಶುಕ್ರವಾರ. ಟಿವಿಯಲ್ಲಿ ಬಜೆಟ್‌ಗೆ ಕಾಯುತ್ತಿದ್ದರು. ನಮ್ಮ ಮನೆ ಎಚ್‌ಎಎಲ್ ರನ್‌ವೇಗೆ ಹತ್ತಿರ, ಸದ್ದಿಗೆ ನಮ್ಮ ಕಿವಿ ಪಳಗಿದೆ. ಅಂದಿನ ಸದ್ದು ಬೇರೆ. ಮಹಡಿಗೆ ಓಡಿದಾಗ ಕಪ್ಪು ಹೊಗೆ. ಎಚ್‌ಎಎಲ್‌ನಲ್ಲಿ ಮೇಲ್ದರ್ಜೆಗೇರಿಸಿದ ಮಿರಾಜ್ 2000, ವಾಯುಪಡೆ ಅದನ್ನು ಒಪ್ಪಿಕೊಳ್ಳುವ ಮುನ್ನ ಮಾಡುವ ಪರೀಕ್ಷಾ ಹಾರಾಟ. ಇಬ್ಬರು ಪೈಲಟ್‌ಗಳು, ಇಬ್ಬರೂ ಹೊರಕ್ಕೆ ಹಾರಿದರು, ಇಬ್ಬರೂ ಉಳಿಯಲಿಲ್ಲ. ಇಬ್ಬರೂ ಇಲ್ಲಿನ ಪರೀಕ್ಷಾ ಕೇಂದ್ರ ಎಎಸ್‌ಟಿಇಯವರು.

ಅದಕ್ಕೆ ಹತ್ತು ವರ್ಷ ಹಿಂದೆ, 2009ರ ಮಾರ್ಚ್ 6ರಂದು, ಬಿಡದಿ ಹತ್ತಿರ ಸರಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಪ್ರಾಯೋಗಿಕ ವಿಮಾನ ಸರಸ್ ಬಿದ್ದಿತ್ತು. ಅಲ್ಲಿಯೂ ಸತ್ತವರು ವಾಯುಪಡೆಯ ಅಧಿಕಾರಿಗಳೇ, ಇಬ್ಬರು ಪರೀಕ್ಷಾ ಪೈಲಟ್‌ಗಳು, ಒಬ್ಬರು ಪರೀಕ್ಷಾ ಎಂಜಿನಿಯರ್. ಅವರೂ ಎಎಸ್‌ಟಿಇಯವರೇ. ಆದರೆ ಸರಸ್‌ನ ತನಿಖಾ ವರದಿಯನ್ನು ನಾನು ಓದಿದ್ದೇನೆ. ಯಾರು ಬೇಕಾದರೂ ಓದಬಹುದು. ಎಂಜಿನ್ ಆರಿಸಿ ಗಾಳಿಯಲ್ಲೇ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ವಿನ್ಯಾಸಕಾರರು ರೂಪಿಸಿದ ಮರುಚಾಲನೆಯ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಕಷ್ಟು ಎತ್ತರವಿಲ್ಲದೆ ಮಾಡಲಾಯಿತು ಎಂದು ನೇರವಾಗಿ ಬರೆದಿದ್ದಾರೆ. ಪೈಲಟ್‌ಗಳ ನಡುವಿನ ಸಮನ್ವಯದ ಬಗ್ಗೆಯೂ ಬರೆದಿದ್ದಾರೆ, ಯಾರನ್ನೂ ಬಿಟ್ಟಿಲ್ಲ.

ಎರಡು ಅಪಘಾತ, ಒಂದೇ ಊರು, ಒಂದೇ ಕೇಂದ್ರದ ಪೈಲಟ್‌ಗಳು. ಒಂದರ ವರದಿ ನನ್ನ ಮೊಬೈಲಿನಲ್ಲಿದೆ, ಇನ್ನೊಂದರ ಪೂರ್ಣ ವರದಿಯನ್ನು ನಾವು ಕಂಡಿಲ್ಲ. ಕಾರಣ ಹುಡುಕಿದೆ. ಸರಸ್ ಬಾಲದ ಮೇಲೆ ವಿಟಿ-ಎಕ್ಸ್‌ಆರ್‌ಎಂ ಎಂದು ನಾಗರಿಕ ನೋಂದಣಿ ಇತ್ತು. ಆದ್ದರಿಂದ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ತನಿಖೆ ಮಾಡಿಸಿತು. ಬಾಲದ ಮೇಲಿನ ಐದು ಅಕ್ಷರ. ಅಷ್ಟೇ ವ್ಯತ್ಯಾಸ.

ಹ್ಯಾಂಗರ್ ತಾತ

ಅಮ್ಮಾ, ಇದು ನನಗೆ ಹೊಳೆದೇ ಇರಲಿಲ್ಲ.

ಸಾಗರದ ವಕೀಲೆ

ವಿಮಾನಪುರದವರು ಹೇಳಿದ ಐದು ಅಕ್ಷರದ ಹಿಂದೆ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ. 1944ರ ಷಿಕಾಗೋ ಒಪ್ಪಂದ ನಾಗರಿಕ ವಿಮಾನಗಳಿಗೆ ಮಾತ್ರ ಎಂದು ಅದರ ಮೂರನೆಯ ವಿಧಿಯೇ ಹೇಳುತ್ತದೆ. ಸೇನೆ, ಸುಂಕ, ಪೊಲೀಸ್ ವಿಮಾನಗಳು ಹೊರಗೆ. ಅಪಘಾತ ತನಿಖೆಯ ಉದ್ದೇಶ ತಡೆಗಟ್ಟುವುದು ಮಾತ್ರ, ತಪ್ಪಿತಸ್ಥರನ್ನು ಗೊತ್ತು ಮಾಡುವುದಲ್ಲ ಎಂಬ ಪ್ರಸಿದ್ಧ ನಿಯಮವೂ ಆ ಒಪ್ಪಂದದ 13ನೇ ಅನುಬಂಧದ್ದು. ನಾಗರಿಕ ವಿಮಾನ ಅಪಘಾತಗಳ ತನಿಖೆ ಮಾಡುವ ನಮ್ಮ ಎಎಐಬಿ ಆ ನಿಯಮದ ಕೂಸು. ಸೇನೆಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ 1950ರ ವಾಯುಪಡೆ ಕಾಯ್ದೆಯ ವ್ಯವಸ್ಥೆ. ವಿಮಾನ ಹಾರಿಸುವವರು, ದುರಸ್ತಿಗೆ ಆಜ್ಞೆ ಕೊಡುವವರು, ತನಿಖೆ ಮಾಡುವವರು ಎಲ್ಲರೂ ಒಂದೇ ಸಮವಸ್ತ್ರದವರು.

ಬ್ರಿಟನ್ನಿನಲ್ಲಿ ಇದನ್ನು ಒಡೆದದ್ದು ಹ್ಯಾಡನ್-ಕೇವ್ ಎಂದು ನಾವೆಲ್ಲ ತಿಳಿದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ನಿಜವಾಗಿ ಬಾಗಿಲು ಒದ್ದವರು ಇನ್ನೊಬ್ಬರು. ಇಂಗ್ಲೆಂಡಿನ ನೆಲಕ್ಕೆ ತಂದ ದೇಹ ಅಸಹಜ ಸಾವಿನದಾದರೆ, ಅದು ಸೈನಿಕನದಾಗಿರಲಿ ಯಾರದಾಗಿರಲಿ, ಕೊರೋನರ್ ಎಂಬ ಅಧಿಕಾರಿ ಬಹಿರಂಗ ವಿಚಾರಣೆ ನಡೆಸಲೇಬೇಕು. 2008ರ ಮೇ ತಿಂಗಳಲ್ಲಿ ಕೊರೋನರ್ ಆಂಡ್ರ್ಯೂ ವಾಕರ್ ತಂದೆತಾಯಿಗಳು ಕೂತಿದ್ದ ಕೋಣೆಯಲ್ಲಿ, ಈ ವಿಮಾನ ಎಂದೂ ಹಾರಾಟಕ್ಕೆ ಯೋಗ್ಯವಾಗಿರಲಿಲ್ಲ, ಉಳಿದವನ್ನೂ ನೆಲಕ್ಕಿಳಿಸಿ ಎಂದರು. ಸರಕಾರ ಇಳಿಸಲಿಲ್ಲ, ಬೇರೆ ಮಾತು. ಆದರೆ ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ನಮ್ಮಲ್ಲೂ ಮುಂಬಯಿ, ಕೋಲ್ಕತ್ತಗಳಲ್ಲಿ ಒಂದು ಕಾಲಕ್ಕೆ ಕೊರೋನರ್‌ಗಳಿದ್ದರು. ಆ ಹುದ್ದೆಯನ್ನು ರದ್ದು ಮಾಡಿದೆವು.

ಇನ್ನೂ ಒಂದು ಸೋಜಿಗ. ಹ್ಯಾಡನ್-ಕೇವ್ ಅವರಿಗೆ ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಕಾನೂನು ಅಧಿಕಾರವೇ ಇರಲಿಲ್ಲ. ನಮ್ಮ 1952ರ ವಿಚಾರಣಾ ಆಯೋಗಗಳ ಕಾಯ್ದೆ ಕೊಡುವಷ್ಟು ಬಲವೂ ಇಲ್ಲ. ಆದರೂ ಹತ್ತು ಜನರ ಹೆಸರು ಹಿಡಿದು ಬರೆದರು. ಅಧಿಕಾರ ಇದ್ದೂ ವರದಿಗೆ ದೂಳು ಹಿಡಿಸುವ ಆಯೋಗಗಳನ್ನು ನೋಡಿ ಬೆಳೆದ ನನಗೆ ಇದು ಅರಗಲು ಸಮಯ ಹಿಡಿಯಿತು.

ಗಣಕದ ಗುಲಾಮ

ನಾನು ವಿಮಾನ ಕ್ಷೇತ್ರದವನಲ್ಲ, ಕಾರ್ಖಾನೆಗಳಿಗೆ ಅಪಾಯದ ಲೆಕ್ಕಾಚಾರ ಮಾಡಿಕೊಡುವ ಕೆಲಸ. ಆದ್ದರಿಂದ ನಿಮ್ರಾಡ್ ವರದಿಯಲ್ಲಿ ‘ಸೇಫ್ಟಿ ಕೇಸ್’ (ವಿಮಾನ ಸುರಕ್ಷಿತ ಎಂದು ತೋರಿಸಿಕೊಡುವ ಕಡತ) ಕುರಿತ ಅಧ್ಯಾಯಗಳನ್ನು ಮಾತ್ರ ಓದಿದೆ. ಓದಿ ನನ್ನದೇ ಮುಖ ಕನ್ನಡಿಯಲ್ಲಿ ಕಂಡ ಹಾಗಾಯಿತು.

2001ರಿಂದ 2005ರವರೆಗೆ ಬಿಎಇ ಸಿಸ್ಟಮ್ಸ್ ಕಂಪನಿಗೆ ಒಂದು ಕೆಲಸ ಕೊಟ್ಟಿದ್ದರು: ವಿಮಾನದ ಮೂಲೆ ಮೂಲೆ ಹುಡುಕಿ ಎಲ್ಲೆಲ್ಲಿ ಏನೇನು ಅಪಾಯವಿದೆ ಎಂದು ಪಟ್ಟಿ ಮಾಡಿ, ಅದು ತಡೆಯುವಂಥದ್ದೇ ಎಂದು ತೋರಿಸಿ. ಇಂಧನ ಕೊಳವೆ ಮತ್ತು ಬಿಸಿ ಕೊಳವೆ ಅಕ್ಕಪಕ್ಕ ಇರುವುದನ್ನು ಹಿಡಿಯಬೇಕಾದ ಜಾಗ ಅದೇ. ಪಟ್ಟಿಯಲ್ಲಿ ಹತ್ತಕ್ಕೆ ನಾಲ್ಕು ಅಪಾಯಗಳನ್ನು ‘ತೆರೆದಿದೆ’ (ಇನ್ನೂ ಬಗೆಹರಿದಿಲ್ಲ) ಎಂದೇ ಬಿಟ್ಟರು, ಇನ್ನು ಮೂರನ್ನು ವರ್ಗೀಕರಿಸಲೇ ಇಲ್ಲ. ಹಸ್ತಾಂತರದ ಸಭೆಯಲ್ಲಿ ಅದನ್ನು ಬೇಕೆಂದೇ ಮುಚ್ಚಿಟ್ಟರು ಎಂದು ವರದಿ ಹೇಳುತ್ತದೆ. ಪರಿಶೀಲಿಸಬೇಕಾದ ಕಿನೆಟಿಕ್ ಕಂಪನಿಯವರು ತಲೆಯಾಡಿಸಿದರು. ರಕ್ಷಣಾ ಇಲಾಖೆಯವರು ಸರಿಯಾಗಿ ಓದದೆ ಸಹಿ ಹಾಕಿದರು. ಯಾಕೆ? ‘ಮೂವತ್ತು ವರ್ಷದಿಂದ ಹಾರುತ್ತಿದೆ, ಹೇಗಿದ್ದರೂ ಸುರಕ್ಷಿತವೇ’ ಎಂಬ ನಂಬಿಕೆ ಮೊದಲೇ ಗಟ್ಟಿಯಾಗಿತ್ತು. ಕಾಗದ ತುಂಬುವುದಷ್ಟೇ ಬಾಕಿ.

2004ರ ನವೆಂಬರ್‌ನಲ್ಲಿ ಎಕ್ಸ್‌ವಿ227 ಎಂಬ ಇನ್ನೊಂದು ನಿಮ್ರಾಡ್‌ನಲ್ಲಿ ಅಂಥದ್ದೇ ಬಿಸಿ ಗಾಳಿಯ ಕೊಳವೆ ಒಡೆದಿತ್ತು. ಆ ವಿಮಾನ ಬದುಕಿ ಬಂತು. ಅದನ್ನು ಬಿಡಿ ಘಟನೆ ಎಂದು ರಿಪೇರಿ ಮಾಡಿ ಮುಂದೆ ಹೋದರು. ತಾತನ ಹನಿ ಲೆಕ್ಕ ನೆನಪಾಯಿತು.

ದುಡ್ಡಿನ ಕಥೆಯೂ ಇದೆ. 2000ದಲ್ಲಿ ಸೇನಾ ಸರಬರಾಜು ವಿಭಾಗಕ್ಕೆ ಐದು ವರ್ಷದಲ್ಲಿ ಖರ್ಚನ್ನು ಶೇ 20ರಷ್ಟು ಇಳಿಸುವ ಗುರಿ ಬಂತು. ಮೊದಲು ಬಡ್ತಿ ಬೇಕಿದ್ದರೆ ಹಾರಾಟ ಯೋಗ್ಯತೆಯ ಮೇಲೆ ಹಿಡಿತವಿರಬೇಕಿತ್ತು, 2004ರ ಹೊತ್ತಿಗೆ ಬಜೆಟ್ ಮೇಲೆ ಹಿಡಿತವಿದ್ದರೆ ಸಾಕಾಗಿತ್ತು ಎಂಬರ್ಥದ ಮಾತನ್ನು ನಿವೃತ್ತ ಹಿರಿಯ ಅಧಿಕಾರಿಯೊಬ್ಬರು ಹ್ಯಾಡನ್-ಕೇವ್ ಅವರಿಗೆ ಹೇಳಿದ್ದಾರೆ.

ಅಬರ್ಡೀನ್ ಅಕ್ಕ

ಸ್ಕಾಟ್ಲೆಂಡಿನಿಂದ ಬರೆಯುತ್ತಿದ್ದೇನೆ. ನಿಮ್ರಾಡ್‌ಗಳ ನೆಲೆಯಾಗಿದ್ದ ಕಿನ್‌ಲಾಸ್ ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಬ್ರಿಟನ್ನನ್ನು ತೀರಾ ಹೂವಿನ ಪಲ್ಲಕ್ಕಿಯಲ್ಲಿ ಕೂರಿಸಬೇಡಿ ಎಂದು ಕೇಳಿಕೊಳ್ಳುವುದಕ್ಕೆ ಬಂದೆ.

1994ರ ಜೂನ್ 2ರಂದು ಇದೇ ಸ್ಕಾಟ್ಲೆಂಡಿನ ಮಲ್ ಆಫ್ ಕಿಂಟೈರ್‌ನಲ್ಲಿ ಚಿನೂಕ್ ಹೆಲಿಕಾಪ್ಟರ್ ಮಂಜಿನಲ್ಲಿ ಗುಡ್ಡಕ್ಕೆ ಬಡಿಯಿತು. 29 ಸಾವು, ಅವರಲ್ಲಿ 25 ಮಂದಿ ಉತ್ತರ ಐರ್ಲೆಂಡಿನ ಗುಪ್ತಚರ ತಜ್ಞರು. ತನಿಖಾ ಮಂಡಳಿ ಪೈಲಟ್‌ಗಳನ್ನು ನಿರ್ಲಕ್ಷ್ಯದ ಅಪರಾಧಿಗಳೆಂದು ಹೇಳಿರಲಿಲ್ಲ. ಅದನ್ನು ಪರಿಶೀಲಿಸಿದ ಇಬ್ಬರು ಏರ್ ಮಾರ್ಷಲ್‌ಗಳು ‘ಘೋರ ನಿರ್ಲಕ್ಷ್ಯ’ ಎಂದು ಬರೆದರು. ಸತ್ತ ಇಬ್ಬರು ತರುಣ ಪೈಲಟ್‌ಗಳ ಮನೆಯವರು ಆ ಎರಡು ಪದಗಳ ವಿರುದ್ಧ 2011ರವರೆಗೆ ಹೋರಾಡಬೇಕಾಯಿತು. ಆ ಜುಲೈನಲ್ಲಿ ಲಾರ್ಡ್ ಫಿಲಿಪ್ ಸಮಿತಿ ಹೇಳಿದ ಮೇಲೆ ಆ ತೀರ್ಮಾನವನ್ನು ರದ್ದು ಮಾಡಿದರು. ಎಂಜಿನ್ ನಿಯಂತ್ರಿಸುವ ಹೊಸ ಸಾಫ್ಟ್‌ವೇರ್ ಬಗ್ಗೆ ಬ್ರಿಟನ್ನಿನ ಸೇನಾ ವಿಮಾನ ಪರೀಕ್ಷಾ ಕೇಂದ್ರದವರು ಅಪಘಾತಕ್ಕೆ ಮೊದಲೇ ತಕರಾರು ಎತ್ತಿದ್ದರು. ಅಪಘಾತದ ಕೆಲವು ಕಡತಗಳನ್ನು 2094ರವರೆಗೆ ಮುಚ್ಚಿಟ್ಟಿದ್ದಾರೆ. ಸತ್ತವರ ಮಕ್ಕಳು ನ್ಯಾಯಾಧೀಶರ ನೇತೃತ್ವದ ತನಿಖೆ ಬೇಕೆಂದು ಈಚಿನ ವರ್ಷಗಳಲ್ಲಿ ಮತ್ತೆ ಹೋರಾಟಕ್ಕೆ ಇಳಿದಿದ್ದಾರೆ. ಕಡತ ತೆರೆಯುವಾಗ ಆ ಮಕ್ಕಳೂ ಇರುವುದಿಲ್ಲ.

ನಿಮ್ರಾಡ್ ಬಳಿಕ 2010ರ ಏಪ್ರಿಲ್‌ನಲ್ಲಿ ಹುಟ್ಟಿದ, ಸೇನಾ ವಿಮಾನಗಳ ಸುರಕ್ಷತೆ ನೋಡುವ ಮಿಲಿಟರಿ ಏವಿಯೇಷನ್ ಅಥಾರಿಟಿಯೂ ರಕ್ಷಣಾ ಇಲಾಖೆಯ ಒಳಗೇ ಇದೆ. ಹೊರಗಿನದಲ್ಲ.

ಮುಂಗೋಪಿ

ಅಕ್ಕ, ನಾನು ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಹೇಳಿದಿರಿ, ಆದರೆ ಅದು ನನ್ನ ವಾದಕ್ಕೆ ವಿರುದ್ಧವಾಗಿ ಹೋಗುತ್ತಿದೆ ಎಂಬ ಅನುಮಾನ ಬರುತ್ತಿದೆ.

ಬೀದರಿನ ಬಿಸಿಲು

ತನಿಖೆ ಯಾರು ಮಾಡುತ್ತಾರೆ ಎಂಬುದಕ್ಕಿಂತ ಮಾಡಿದ ಮೇಲೆ ಏನಾಗುತ್ತದೆ ಎಂಬುದು ದೊಡ್ಡದು. ನಮ್ಮೂರಿನ ಸಾಕ್ಷಿ ಕೊಡುತ್ತೇನೆ.

ಮಿಗ್-21 ಅಪಘಾತಗಳ ಕಾಲದಲ್ಲಿ ವಾಯುಪಡೆ ಏರ್ ಮಾರ್ಷಲ್ ಲಾ ಫಾಂಟೇನ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತ್ತು. ಒಳಗಿನವರದೇ ಸಮಿತಿ, ಆದರೂ 1982ರಲ್ಲಿ ನೇರವಾಗಿ ಹೇಳಿತು: ಹುಡುಗರು ನಿಧಾನದ ತರಬೇತಿ ವಿಮಾನದಿಂದ ಒಮ್ಮೆಲೇ ಮಿಗ್‌ಗೆ ಜಿಗಿಯುತ್ತಿದ್ದಾರೆ, ನಡುವೆ ಒಂದು ಸುಧಾರಿತ ಜೆಟ್ ತರಬೇತಿ ವಿಮಾನ ಬೇಕು. ಅದನ್ನು ಖರೀದಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಹಾಕ್ ವಿಮಾನಗಳು ಬೀದರ್ ನೆಲೆಯಲ್ಲಿ ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2008ರಲ್ಲಿ. ಲೆಕ್ಕ ಹಾಕಿ, 26 ವರ್ಷ. ಆ ಸಮಿತಿಯ ಅಧ್ಯಕ್ಷರು ಮುಂದೆ ವಾಯುಪಡೆಯ ಮುಖ್ಯಸ್ಥರೇ ಆದರು, ನಿವೃತ್ತರೂ ಆದರು, ವಿಮಾನ ಬಂದಿರಲಿಲ್ಲ.

ಈಗ ಹಾಕ್ ನಮ್ಮ ತಲೆಯ ಮೇಲೆ ಹಾರುವಾಗ ಅಪ್ಪ ಕೋಟೆಯ ಕಡೆ ಕೈ ಅಡ್ಡ ಹಿಡಿದು ನೋಡುತ್ತಾರೆ. ಅವರಿಗೆ ಸದ್ದಿನ ಮೇಲೆ ಸಿಟ್ಟು. ನನಗೆ ಆ 26 ವರ್ಷದ ಮೇಲೆ.

ಗಣಕದ ಗುಲಾಮ

ಬೀದರಿನವರ ಮಾತಿಗೆ ಒಂದು ಸೇರಿಸುತ್ತೇನೆ. ಬೆಂಗಳೂರಿನವರಿಗೆ ಇದು ಪಕ್ಕದ ರಸ್ತೆಯ ವಿಷಯ. ನಮ್ಮ ಸೇನಾ ವಿಮಾನಗಳಿಗೆ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಕೊಡುವ ಸೆಮಿಲ್ಯಾಕ್ ಮಾರತ್ತಹಳ್ಳಿಯಲ್ಲಿದೆ, ಅದು ಡಿಆರ್‌ಡಿಒದ ಒಂದು ಭಾಗ. ವಿಮಾನ, ಎಂಜಿನ್ ವಿನ್ಯಾಸ ಮಾಡುವ ಪ್ರಯೋಗಾಲಯಗಳೂ ಅದೇ ಡಿಆರ್‌ಡಿಒದವು. ಗುಣಮಟ್ಟ ನೋಡುವ ಡಿಜಿಎಕ್ಯೂಎ ರಕ್ಷಣಾ ಉತ್ಪಾದನಾ ಇಲಾಖೆಯ ಕೆಳಗಿದೆ, ಎಚ್‌ಎಎಲ್ ಕೂಡ ಅದೇ ಇಲಾಖೆಯದು. ಅಲ್ಲಿನ ಎಂಜಿನಿಯರುಗಳ ಪ್ರಾಮಾಣಿಕತೆಯ ಬಗ್ಗೆ ನಾನು ಒಂದು ಮಾತೂ ಆಡುತ್ತಿಲ್ಲ. ಆದರೆ ಸೊಸೆ ಮಾಡಿದ ಅಡುಗೆಗೆ ಉಪ್ಪು ನೋಡುವವರು ಅದೇ ಮನೆಯವರಾದರೆ ಮನೆಯ ಶಾಂತಿಗಾಗಿ ಒಮ್ಮೊಮ್ಮೆ ಸುಮ್ಮನಿರಬೇಕಾಗುತ್ತದೆ.

ಮುಂಗೋಪಿ

ಸರಿ. ನಾನು ಪೂರ್ತಿ ಸೋತಿಲ್ಲ, ಆದರೆ ಸ್ವಲ್ಪ ಸರಿಯುತ್ತೇನೆ. ಕೂನೂರಿನ ವಿಷಯದಲ್ಲಿ ನನಗೂ ಕಸಿವಿಸಿ ಇತ್ತು. 2021ರ ಡಿಸೆಂಬರ್ 8, ಜನರಲ್ ಬಿಪಿನ್ ರಾವತ್ ಸೇರಿ 14 ಮಂದಿ ಇದ್ದ ಎಂಐ-17ವಿ5. ಒಬ್ಬರೇ ಬದುಕಿ ಬಂದರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಅವರೂ ಒಂದು ವಾರದ ಬಳಿಕ ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುತಿಂಗಳೇ ಮೂರೂ ಪಡೆಗಳ ತನಿಖೆಯ ಸಾರಾಂಶ ಬಂತು: ಹವಾಮಾನ ದಿಢೀರನೆ ಬದಲಾಯಿತು, ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕು ತಪ್ಪಿತು. ಮೂರು ವರ್ಷದ ನಂತರ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯ ಕೋಷ್ಟಕದಲ್ಲಿ ಅದೇ ಅಪಘಾತದ ಮುಂದೆ ‘ಮಾನವ ದೋಷ (ಸಿಬ್ಬಂದಿ)’ ಎಂದಿತ್ತು.

ಇರಬಹುದು. ಆದರೆ ಅಂಥ ಹವೆಯಲ್ಲಿ ಅಂಥ ಪ್ರಯಾಣಿಕರನ್ನು ಕರೆದುಕೊಂಡು ಹೊರಡಬೇಕೆಂಬ ಒತ್ತಡ ಇತ್ತೇ, ಬೆಟ್ಟದ ಮೇಲೆ ಹವಾಮಾನ ಹೇಳುವ ವ್ಯವಸ್ಥೆ ಹೇಗಿತ್ತು, ಇವು ಆ ಕೋಷ್ಟಕದ ಮನೆಯೊಳಗೆ ಹಿಡಿಸುವುದಿಲ್ಲ. ರಹಸ್ಯ ಅಂಶಗಳಿಗೆ ಕಪ್ಪು ಬಳಿದು ಉಳಿದದ್ದನ್ನು ಕೊಡಲಿ ಎನ್ನುವಷ್ಟರ ಮಟ್ಟಿಗೆ ನಾನು ನಿಮ್ಮ ಜೊತೆ. ವಾಯುಪಡೆಯನ್ನು ಕಟಕಟೆಯಲ್ಲಿ ನಿಲ್ಲಿಸಲು ನಾನು ಬರುವುದಿಲ್ಲ.

ಸಾಗರದ ವಕೀಲೆ

ಕಟಕಟೆ ಯಾರೂ ಕೇಳುತ್ತಿಲ್ಲ, ಸರ್. ಕಪ್ಪು ಬಳಿದು ಕೊಡುವುದಕ್ಕೆ ಹೊಸ ಕಾನೂನೂ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಭದ್ರತೆಯ ನೆಪದಲ್ಲಿ ಮುಚ್ಚಲು ಅವಕಾಶ ಕೊಡುತ್ತದೆ, 8(2) ಸಾರ್ವಜನಿಕ ಹಿತ ದೊಡ್ಡದಾದರೆ ತೆರೆಯಲು ಅವಕಾಶ ಕೊಡುತ್ತದೆ, 10ನೇ ಕಲಮು ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಿ ಎನ್ನುತ್ತದೆ. 2019ರ ಮಿರಾಜ್ ವರದಿಗೆ ಒಂದು ಅರ್ಜಿ ಬರೆಯುತ್ತೇನೆ. ಹತ್ತು ರೂಪಾಯಿಯ ಕೆಲಸ. ವಿಮಾನಪುರದವರೇ, ಸರಸ್ ವರದಿಯ ಪ್ರತಿ ಕಳಿಸಿ. ಅದರಲ್ಲಿ ಯಾವ್ಯಾವ ಶೀರ್ಷಿಕೆಗಳಿವೆಯೋ ಅದೇ ಶೀರ್ಷಿಕೆಗಳಡಿ ಕೇಳುತ್ತೇನೆ. ಅದೇ ಪರೀಕ್ಷಾ ಕೇಂದ್ರದವರ ಒಂದು ಅಪಘಾತಕ್ಕೆ ಕೊಡಬಹುದಾದದ್ದನ್ನು ಇನ್ನೊಂದಕ್ಕೆ ಕೊಡಲಾಗದು ಎಂದು ಅವರು ಬರೆದೇ ತಿಳಿಸಬೇಕಾಗುತ್ತದೆ.

ವಿಮಾನಪುರದವಳು

ಇವತ್ತೇ ಕಳಿಸುತ್ತೇನೆ, ಮೇಡಂ. ಅರ್ಜಿಯಲ್ಲಿ ನನ್ನ ಹೆಸರನ್ನೂ ಹಾಕಬಹುದು.

ಹ್ಯಾಂಗರ್ ತಾತ

ಬಾಲಂಗೋಚಿಯವರೇ, ಆ ಕೊಳವೆಯ ಚಿತ್ರ ಯಾವ ಪುಟದಲ್ಲಿದೆ? ಮೊಬೈಲಿನಲ್ಲಿ ಹುಡುಕಿ ಕಣ್ಣು ನೋಯುತ್ತಿದೆ. ಪುಟ ಹೇಳಿದರೆ ಮೊಮ್ಮಗನಿಗೆ ಹೇಳಿ ಪ್ರಿಂಟ್ ಹಾಕಿಸಿಕೊಳ್ಳುತ್ತೇನೆ. ಹೊದಿಕೆಯ ಸಂದು ಎಷ್ಟಿತ್ತು ಎಂದು ನೋಡಬೇಕು.